ಸತ್ಯಾಂಶ: ಐಇಪಿ ಇದ್ದರೆ ಡಿಪ್ಲೊಮಾ ಸಿಗುವುದಿಲ್ಲವೇ?

"ಅಮೆರಿಕದ ಶಾಲೆಯಲ್ಲಿ ಮಗುವಿಗೆ ಐಇಪಿ ಮಾಡಿಸಿದರೆ ಹೈಸ್ಕೂಲ್ ಡಿಪ್ಲೊಮಾ ಸಿಗಲ್ಲ, ಸಹಿ ಹಾಕಬೇಡಿ" ಎಂಬ ಸಂದೇಶ ವಾಟ್ಸ್ಆಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಐಇಪಿ ಎಂದರೆ ಅಂಗವೈಕಲ್ಯವಿರುವ ಮಗುವಿಗಾಗಿ ಶಾಲೆ ಮತ್ತು ಪೋಷಕರು ಕೂಡಿ ಮಾಡುವ ವೈಯಕ್ತಿಕ ಕಲಿಕಾ ಯೋಜನೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಪ್ರಶ್ನೆ ಓದಿ ಹೇಳುವಂಥ ಅನುಕೂಲ ಪಡೆದರೂ, ರಾಜ್ಯ ಕೇಳುವ ಅರ್ಹತೆ ಪೂರೈಸಿದ ಮಗುವಿಗೆ ಎಲ್ಲರ ಡಿಪ್ಲೊಮಾವೇ ಸಿಗುತ್ತದೆ.

ತೊಡಕಾಗುವುದು ಪಾಠದ ಮಟ್ಟವನ್ನೇ ಇಳಿಸಿದಾಗ. ಆ ಕೋರ್ಸು ಡಿಪ್ಲೊಮಾ ಲೆಕ್ಕಕ್ಕೆ ಸೇರದೆ, ಕೊನೆಗೆ ಬರೀ ಸರ್ಟಿಫಿಕೇಟ್ ಕೈಗೆ ಬರಬಹುದು. ಅದು ಡಿಪ್ಲೊಮಾಕ್ಕೆ ಸಮನಲ್ಲ. ಹಾಗಾಗಿ 8ನೇ ತರಗತಿಯ ಐಇಪಿ ಸಭೆಯಲ್ಲೇ ಒಂದೊಂದು ಕೋರ್ಸಿಗೂ "ಇದಕ್ಕೆ ಡಿಪ್ಲೊಮಾ ಕ್ರೆಡಿಟ್ ಇದೆಯೇ?" ಎಂದು ಕೇಳಿ, ಉತ್ತರವನ್ನು ಐಇಪಿಯಲ್ಲೇ ಬರೆಸಿ.

ಸರ್ಟಿಫಿಕೇಟ್ ಪಡೆದ ಮಾತ್ರಕ್ಕೆ ಉಚಿತ ಶಿಕ್ಷಣದ ಹಕ್ಕು ಮುಗಿಯುವುದಿಲ್ಲ. ರಾಜ್ಯದ ನಿಯಮದಂತೆ ಸಾಮಾನ್ಯವಾಗಿ 21ರ ವಯಸ್ಸಿನವರೆಗೂ ಇರುತ್ತದೆ. ಆ ಹಕ್ಕನ್ನು ಮುಗಿಸುವುದು ಡಿಪ್ಲೊಮಾ. ಅದಕ್ಕೇ ಡಿಪ್ಲೊಮಾ ಕೊಡುವ ಮುನ್ನ ಶಾಲೆ ಲಿಖಿತ ನೋಟಿಸ್ ಕೊಡಲೇಬೇಕು. ಉದ್ಯೋಗ ತರಬೇತಿ ಬಾಕಿ ಇದ್ದರೆ ಆಗಲೇ ಐಇಪಿ ಸಭೆ ಕೇಳಿ.

ಬೌದ್ಧಿಕ ಅಂಗವೈಕಲ್ಯವಿರುವವರು ಡಿಪ್ಲೊಮಾ ಇಲ್ಲದೆಯೂ, ಫೆಡರಲ್ ಅನುಮೋದನೆಯ ಸಿಟಿಪಿ (ಇಂಥ ವಿದ್ಯಾರ್ಥಿಗಳಿಗಾಗಿಯೇ ರೂಪಿಸಿದ) ಕಾಲೇಜು ಕೋರ್ಸುಗಳಿಗೆ ಸೇರಿ ಪೆಲ್ ಗ್ರಾಂಟ್‌ಗೆ (ಮರಳಿ ಕಟ್ಟಬೇಕಿಲ್ಲದ ಸರ್ಕಾರಿ ಧನಸಹಾಯ) ಅರ್ಜಿ ಹಾಕಬಹುದು.