ತವರು ಬಿಡಲೊಲ್ಲದ ಹೆಸರು

ಲೇಸರ್ ಕಟಿಂಗ್ ಯಂತ್ರ ಕೆಟ್ಟರೆ ಕಲಬುರಗಿಯಲ್ಲಿ ಸಲಹೆಗಾರರಿಗೆ ಬರವಿಲ್ಲ. ಕತ್ತರಿಸುವ ಕಿರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಅದರ ಬಗ್ಗೆ ಯಾರು ಏನು ಹೇಳಿದರೂ ನಡೆಯುತ್ತದೆ. ಇದರೊಳಗಿನ ಇಂಗಾಲದ ಡೈಆಕ್ಸೈಡ್ ಲೇಸರ್‌ನ ತರಂಗಾಂತರ 10.6 ಮೈಕ್ರೋಮೀಟರ್, ಅಪ್ಪಟ ಅತಿಗೆಂಪು. ಹಾಳೆಯ ಮೇಲೆ ಕಾಣುವ ಕೆಂಪು ಚುಕ್ಕೆ ಜಾಗ ತೋರಿಸಲು ಇಟ್ಟ ಬಡಪಾಯಿ ದೀಪ. ಆದರೂ ಅಂಗಡಿಗೆ ಬಂದವರೆಲ್ಲ ಆ ಚುಕ್ಕೆಯನ್ನೇ ದಿಟ್ಟಿಸಿ, "ಪವರ್ ಇಳಿದಿದೆ" ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋಗುತ್ತಾರೆ.

ಮೇ ತಿಂಗಳ ಮದುವೆ ಸುಗ್ಗಿಯಲ್ಲಿ ನನ್ನ ಯಂತ್ರ ಹೊಸ ಬಗೆಯ ಹಟ ಹಿಡಿಯಿತು. ವೇದಿಕೆಯ ಹಿಂದೆ ಅಂಟಿಸಲು ಬಂಗಾರ ಬಣ್ಣದ ಅಕ್ರಿಲಿಕ್‌ನಲ್ಲಿ ಹೆಸರು ಕತ್ತರಿಸುವ ಕೆಲಸ. ಹಾಳೆಯ ಎಡಕ್ಕಿದ್ದ ಮದುಮಗನ ಹೆಸರು ಒಂದೊಂದೇ ಅಕ್ಷರವಾಗಿ ಸಲೀಸಾಗಿ ಕಳಚಿ ಬಂತು. ಬಲಕ್ಕಿದ್ದ ಮದುಮಗಳ ಹೆಸರು ಗೀರಾಯಿತೇ ಹೊರತು ಬಿಡಲಿಲ್ಲ. ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದವರು ಹುಡುಗಿಯ ಸೋದರಮಾವ.

"ತಮ್ಮಾ, ಇದು ಶಕುನವೇನು?" ಎಂದರು.

"ಶಕುನವಲ್ಲ ಕಾಕಾ, ಯಂತ್ರದ ದೋಷ" ಎಂದೆ.

"ತವರು ಬಿಡಲು ಅವಳಿಗೆ ಮನಸ್ಸಿಲ್ಲ" ಎಂದರು ಜೊತೆಗೆ ಬಂದಿದ್ದ ಅಜ್ಜಿ. ಈ ವಿವರಣೆಯ ಮುಂದೆ ನನ್ನದು ಸಪ್ಪೆಯಾಗಿತ್ತು.

ಹೈದರಾಬಾದಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಪೂರ್ತಿ ಕೇಳುವ ಮೊದಲೇ "ಟ್ಯೂಬ್ ಹೋಗಿದೆ, ಬದಲಿಸಿ" ಎಂದ. ಕಿರಣ ಹುಟ್ಟಿಸುವ ಟ್ಯೂಬ್ ಹೋದರೆ ಎರಡೂ ಕಡೆಗೆ ಹೋಗಬೇಕಲ್ಲ? ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಭೇದ ಮಾಡುವಷ್ಟು ಲೋಕಜ್ಞಾನ ಗಾಜಿನ ಕೊಳವೆಗೆ ಇರುವುದಿಲ್ಲ.

ಸೆಖೆಯ ಮೇಲೂ ಅನುಮಾನವಿತ್ತು. ಟ್ಯೂಬ್ ಸುತ್ತ ಹರಿಯುವ ನೀರು 25 ಡಿಗ್ರಿ ದಾಟಿದರೆ ಕಿರಣ ಸೊರಗತೊಡಗುತ್ತದೆ. ನಮ್ಮಲ್ಲಿ ಹೊರಗಿನ ಬಿಸಿಲೇ 42 ಮುಟ್ಟುತ್ತದೆ. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಕುಮಾರ್ ಪಟೇಲ್ ಹುಟ್ಟಿದ್ದು ಬಾರಾಮತಿಯಲ್ಲಿ, ಸೊಲ್ಲಾಪುರದಿಂದ ಆಚೆಗೆ. ಇಷ್ಟು ಹತ್ತಿರದವರಾಗಿಯೂ ಕಲಬುರಗಿಯ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಪಕ್ಕದ ಫ್ಲೆಕ್ಸ್ ಅಂಗಡಿಯವರು ಆ ನೀರನ್ನು ತಂಪಾಗಿಸುವ ಚಿಲ್ಲರ್‌ಗೆ ಬೋರ್‌ವೆಲ್ ನೀರು ಸುರಿಯಲು ಕೊಡ ಹಿಡಿದೇ ಬಂದರು. ಅವರನ್ನು ತಡೆದದ್ದೇ ಆ ದಿನದ ದೊಡ್ಡ ದುರಸ್ತಿ. ಸುಣ್ಣಕಲ್ಲಿನ ನೆಲದ ಗಡಸು ನೀರು ಕೊಳವೆಯೊಳಗೆ ಪದರ ಕಟ್ಟಿದರೆ ಟ್ಯೂಬ್ ನಿಜವಾಗಿಯೂ ಹೋಗುತ್ತದೆ. ಅದಕ್ಕೆ ಭಟ್ಟಿ ಇಳಿಸಿದ ನೀರೇ ಬೇಕು.

ಲೆನ್ಸ್ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಎಡಭಾಗ ಇನ್ನಷ್ಟು ಚೆನ್ನಾಗಿ ಕತ್ತರಿಸಿತು, ಬಲಭಾಗ ಕದಲಲಿಲ್ಲ. ಮದುಮಗನ ಕಡೆಗೇ ಮತ್ತೆ ಲಾಭ. ಸೋದರಮಾವ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು.

ಉಳಿದದ್ದು ಟೇಪಿನ ಪರೀಕ್ಷೆ. ಹಾಳೆಯ ಮೇಲೆ ಓಡಾಡಿ ಕತ್ತರಿಸುವ ಹೆಡ್ಡಿನೊಳಗೆ ಕಿರಣ ಹೋಗುವ ತೂತಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹೆಡ್ಡನ್ನು ಎಡ ತುದಿಗೆ ತಂದು ಮುಚ್ಚಳ ಮುಚ್ಚಿ, ಪಲ್ಸ್ ಗುಂಡಿಯನ್ನು ಒಮ್ಮೆ ಒತ್ತಿದೆ. ನಟ್ಟನಡುವೆ ಸುಟ್ಟ ಚುಕ್ಕೆ. ಬಲ ತುದಿಗೆ ಸರಿಸಿ ಮತ್ತೆ ಒತ್ತಿದೆ. ಎರಡನೆಯ ಚುಕ್ಕೆ ಮೊದಲನೆಯದರ ಮೇಲೆಯೇ ಬೀಳಬೇಕಿತ್ತು. ಬಿದ್ದದ್ದು ತೂತಿನ ಮೇಲಂಚಿಗೆ, ಅರ್ಧಚಂದ್ರನಾಗಿ. ಉಳಿದರ್ಧ ಲೋಹದ ಅಂಚಿಗೆ ಬಡಿದು ವ್ಯರ್ಥವಾಗುತ್ತಿತ್ತು. ಎಡದಲ್ಲಿ ಸರಿ, ಬಲಕ್ಕೆ ಹೋದಂತೆ ತಪ್ಪು ಎಂದರೆ ಅಪರಾಧಿ, ಕಿರಣವನ್ನು ಟ್ಯೂಬಿನಿಂದ ಹೆಡ್ಡಿಗೆ ತಿರುಗಿಸುವ ಕನ್ನಡಿಗಳಲ್ಲಿ ಎರಡನೆಯದು.

ಕನ್ನಡಿಯ ಹಿಂಬದಿಗೆ ಬಗ್ಗಿ ನೋಡಿದೆ. ಅಲ್ಲಿ ವಿಭೂತಿ! ಅಮಾವಾಸ್ಯೆಯ ಪೂಜೆಗೆ ಅಂಗಡಿಯ ಹುಡುಗ ಇಡೀ ಯಂತ್ರಕ್ಕೆ ವಿಭೂತಿ ಬಳಿದು, ಕೊನೆಗೆ ಈ ಕನ್ನಡಿಗೂ ಮೂರು ಬೆರಳನ್ನು ಒತ್ತಿ ಎಳೆದಿದ್ದ. ಕನ್ನಡಿಯನ್ನು ಹೊಂದಿಸುವ ಸ್ಕ್ರೂಗಳೂ ಮೂರೇ. ಮೇಲಿನದರ ನಟ್ ಮೊದಲೇ ಸಡಿಲವಿತ್ತು. ಭಕ್ತಿಯ ಭಾರಕ್ಕೆ ಅದು ತಿರುಗಿತ್ತು.

"ಅಣ್ಣಾ, ದೇವರಿಗೆ ಹಚ್ಚುವುದನ್ನು ಮೆಲ್ಲಗೆ ಹಚ್ಚಲು ಬರುತ್ತದೆಯೇ?" ಎಂದು ಹುಡುಗ ನನ್ನನ್ನೇ ಕೇಳಿದ. ಸೋದರಮಾವ ಅವನ ಪಕ್ಷ ವಹಿಸಿದರು.

ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸು, ಟೇಪ್ ಬದಲಿಸು, ಒತ್ತು, ನೋಡು. ಇದರಲ್ಲಿ ಹೇಳುವಂಥದ್ದೇನಿಲ್ಲ, ಬೆನ್ನು ನೋಯುತ್ತದೆ ಅಷ್ಟೇ. ಚುಕ್ಕೆಗಳು ಒಂದಾದ ಮೇಲೆ ನಟ್ ಬಿಗಿದು ಹೊಸ ಹಾಳೆ ಹಾಕಿದೆ. ಮದುಮಗಳ ಹೆಸರು ತಟತಟನೆ ಕಳಚಿತು. ಒಂದು ಒತ್ತಕ್ಷರ ಮಾತ್ರ ಜೇನುಗೂಡಿನ ಜಾಲರಿ ಸಂದಿಯಿಂದ ಕೆಳಗಿನ ಕಸದ ತಟ್ಟೆಗೆ ಜಾರಿತು. ಹುಡುಗ ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಿದ್ದರೆ ಅಜ್ಜಿ, "ನೋಡಿರಾ, ಹೊರಟಳು, ಆದರೂ ಸ್ವಲ್ಪವನ್ನು ತವರಿನಲ್ಲೇ ಬಿಟ್ಟಳು" ಎಂದರು.

ಅಮಾವಾಸ್ಯೆ ಪೂಜೆ ನಿಂತಿಲ್ಲ. ವಿಭೂತಿಯನ್ನು ಚಿಲ್ಲರ್‌ಗೆ ಹಚ್ಚಲು ಹುಡುಗನಿಗೆ ಹೇಳಿದ್ದೇನೆ. ಅಲ್ಲಿ ಎಷ್ಟು ಬೇಕಾದರೂ ಒತ್ತಬಹುದು, ಮೇ ತಿಂಗಳಲ್ಲಿ ದೇವರ ದಯೆ ಹೆಚ್ಚು ಬೇಕಾಗಿರುವುದೂ ಅದಕ್ಕೇ.