ಗೇಟಿನ ಬಂದೋಬಸ್ತಿಗಿಂತ ಮೊದಲು ಹಾಜರಾತಿಯ ಲೆಕ್ಕ ಸರಿಯಾಗಲಿ

ಪ್ರತಿಭಟನೆಯ ಸುಳಿವು ಸಿಕ್ಕೊಡನೆ ನಮ್ಮ ಕಾರ್ಖಾನೆಗಳ ಆಡಳಿತ ವರ್ಗ ಏಜೆನ್ಸಿಯಿಂದ ಹೆಚ್ಚುವರಿ ಗಾರ್ಡುಗಳನ್ನು ಕರೆಸುತ್ತದೆ, ಸಿಸಿಟಿವಿ ಕ್ಯಾಮೆರಾಗಳನ್ನು ಪರೀಕ್ಷಿಸುತ್ತದೆ, ಬಂದೋಬಸ್ತು ಕೋರಿ ಠಾಣೆಗೆ ಪತ್ರ ಬರೆಯುತ್ತದೆ. ಇವೆಲ್ಲ ಬೇಕಾದವೇ. ಆದರೆ ಕೆಲಸಗಾರರೇ ಪ್ರತಿಭಟನೆಗಿಳಿಯುವಾಗ ಇವು ತೀರ ಕೊನೆಯ ಹಂತದ ಸಿದ್ಧತೆಗಳೆಂಬುದು ನನ್ನ ಅಭಿಪ್ರಾಯ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರ ಬೆಳಗಿನ ಜಾವ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಸಂಬಳದ ವಿಚಾರವಾಗಿ ಸಿಟ್ಟಿಗೆದ್ದ ಕೆಲಸಗಾರರ ಪ್ರತಿಭಟನೆಯಲ್ಲಿ ಕಿಟಕಿ ಗಾಜುಗಳು ಪುಡಿಯಾದವು, ಕಾರುಗಳು ಮಗುಚಿಬಿದ್ದವು. ಆ ಹಿಂಸೆಯನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಆದರೆ ಅನಂತರ ಕಾರ್ಖಾನೆಗಳ ಇಲಾಖೆ ನಡೆಸಿದ ತಪಾಸಣೆಯಲ್ಲಿ ಕಂಡುಬಂದದ್ದೇನೆಂದರೆ, ಅಲ್ಪಕಾಲದಲ್ಲೇ 5,000ದಿಂದ 10,500ಕ್ಕೆ ಏರಿದ ಕಾರ್ಮಿಕರನ್ನು ನಿಭಾಯಿಸುವಷ್ಟು ಮಾನವ ಸಂಪನ್ಮೂಲ ವಿಭಾಗ ಬೆಳೆದಿರಲಿಲ್ಲ. ಅಕ್ಟೋಬರಿನಲ್ಲಿ 12 ಗಂಟೆಗಳ ಪಾಳಿ ಜಾರಿಗೆ ಬಂದರೂ ಕೆಲಸದ ಗಂಟೆಗಳನ್ನು ದಾಖಲಿಸುವ ಹಾಜರಾತಿ ವ್ಯವಸ್ಥೆಯ ದೋಷ ತಿಂಗಳುಗಟ್ಟಲೆ ಹಾಗೆಯೇ ಉಳಿದಿತ್ತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಕೊನೆಗೆ ಕಂಪನಿಯೇ ಒಪ್ಪಿಕೊಂಡು, ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಅಲ್ಲಿ ಗೋಡೆ ಇನ್ನೆರಡು ಅಡಿ ಎತ್ತರವಿದ್ದಿದ್ದರೆ ಏನು ಪ್ರಯೋಜನವಾಗುತ್ತಿತ್ತು?

ಆದ್ದರಿಂದ ಓವರ್‌ಟೈಮ್ ಬಾಕಿ ಎಷ್ಟು ಮಂದಿಗಿದೆ, ಯಾವ ಗುತ್ತಿಗೆದಾರ ಸಂಬಳ ತಡಮಾಡಿದ್ದಾನೆ ಎಂಬ ವಿವರ ಪ್ರತಿ ತಿಂಗಳೂ ಭದ್ರತಾ ಅಧಿಕಾರಿಯ ಮೇಜಿಗೂ ಬರಬೇಕು. ಇನ್ನು ಗಾರ್ಡುಗಳ ವಿಷಯ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಕೇಂದ್ರದ ಮಾದರಿ ನಿಯಮಗಳು 100 ಗಂಟೆಗಳ ತರಗತಿ ಪಾಠ, 60 ಗಂಟೆಗಳ ಕ್ಷೇತ್ರ ತರಬೇತಿ ಬೇಕೆನ್ನುತ್ತವೆ. ಗುಂಪು ನಿಯಂತ್ರಣವೂ ಅದರಲ್ಲಿದೆ. ಆದರೆ ಗೇಟಿನಲ್ಲಿ ನಿಂತವನೂ (ಬಹುತೇಕ ಕಡೆ ಅವನೂ ಗುತ್ತಿಗೆಯವನೇ) ತಿಳಿದಿರಬೇಕಾದದ್ದು ಇಷ್ಟು: ಯಾವ ಗೇಟು ಮುಚ್ಚಬೇಕು, ಆಂಬುಲೆನ್ಸಿಗೆ ಯಾವುದು ತೆರೆದಿರಬೇಕು, ಯಾರಿಗೆ ಫೋನ್ ಮಾಡಬೇಕು, ಯಾರ ಮೈಮೇಲೂ ಕೈ ಹಾಕಬಾರದು.

ಹೊರಗಿನ ಗಲಭೆಯ ಲೆಕ್ಕವೇ ಬೇರೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ವಿಚಾರವಾಗಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ವಾಹನಗಳಿಗೆ ಬೆಂಕಿ ಬಿದ್ದಾಗ, ಸಿಬ್ಬಂದಿಯನ್ನು ಒಟ್ಟಿಗೆ ಮನೆಗೆ ಕಳುಹಿಸುವುದೋ ಒಳಗೇ ಇರಿಸಿಕೊಳ್ಳುವುದೋ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಅಂಥ ದಿನಕ್ಕೆ ಕ್ಯಾಂಟೀನಿನಲ್ಲಿ ರಾತ್ರಿಯ ಊಟವೂ ಭದ್ರತೆಯ ಭಾಗವೇ.

ಕೆಲಸಗಾರರು ಗೇಟಿನೆದುರು ಕುಳಿತಾಗ ಹೊರಹೋಗಿ ಮಾತಾಡುವವರು ಬಾಕಿ ಸಂಬಳದ ದಿನಾಂಕವನ್ನು ಅಲ್ಲೇ ಹೇಳಬಲ್ಲ ಅಧಿಕಾರವುಳ್ಳವರಾಗಿರಬೇಕು. ರಾತ್ರಿ ಪಾಳಿ ಬಿಡುವ ಹೊತ್ತಿಗೆ ಅಂಥವರು ಯಾರಿರುತ್ತಾರೆಂಬುದನ್ನು ಮೊದಲೇ ಡ್ಯೂಟಿ ಚಾರ್ಟಿನಲ್ಲಿ ಹೆಸರು ಸಮೇತ ಬರೆದಿಡಬೇಕು.