ಅವರ ಗಣಿಗೆ ಟಿಕೆಟ್ಟು, ನಮ್ಮ ಗಣಿಗೆ ಧೂಳು

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಹತ್ತಿರ ಹಳೇ ತವರದ ಗಣಿಯೊಂದನ್ನು ನೋಡಲು ಹೋಗಿದ್ದೆ. ಬಾಗಿಲಲ್ಲಿ ಟಿಕೆಟ್ ಕೊಡುತ್ತಿದ್ದ ಅಜ್ಜ ಯಾವ ಊರು ಅಂತ ಕೇಳಿದರು. ಬಂಗಾರಪೇಟೆ ಅಂದರೆ ಇವರಿಗೇನು ಗೊತ್ತು ಅಂತ ‘ಬೆಂಗಳೂರಿನ ಹತ್ತಿರ’ ಅಂದೆ. ‘ಕೋಲಾರದ ಕಡೆಯಾ?’ ಅಂದುಬಿಟ್ಟರು. ಅವರ ಮುತ್ತಜ್ಜ ಅಲ್ಲಿ ದುಡಿದಿದ್ದರಂತೆ. ಖುಷಿಯಾಯಿತು. ಹೊಟ್ಟೆಯೂ ಉರಿಯಿತು. ಜಯನಗರದಲ್ಲಿ ಹುಟ್ಟಿ ಬೆಳೆದ ನನ್ನ ಗೆಳೆಯರೇ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ, ನೋಡಿಲ್ಲ.

1866ರಲ್ಲಿ ತಾಮ್ರದ ಬೆಲೆ ಕುಸಿದ ಮೇಲೆ ಕಾರ್ನ್‌ವಾಲ್‌ನ ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬೇರೆ ಕಸುಬು ಗೊತ್ತಿಲ್ಲದ ಜನ ಹಡಗು ಹತ್ತಿದರು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅವರಲ್ಲಿ ಕೆಲವರನ್ನು ಕೋಲಾರಕ್ಕೆ ಮೇಸ್ತ್ರಿಗಿರಿಗೆ ಕರೆತಂತು. ಸುರಂಗದಲ್ಲಿ ಬೆವರು ಸುರಿಸಿದವರು ಮಾತ್ರ ತಮಿಳು, ತೆಲುಗು ಸೀಮೆಯಿಂದ ಬಂದ ಕೂಲಿಗಳು, ಹೆಚ್ಚಿನವರು ದಲಿತರು. ಚಿನ್ನ ಬೊಂಬಾಯಿ ಮೇಲೆ ಲಂಡನ್ನಿಗೆ ಹೋಯಿತು. ಲಾಭ ಅಲ್ಲಿನ ಷೇರುದಾರರಿಗೆ. ಮೈಸೂರು ಸಂಸ್ಥಾನಕ್ಕೆ ಸಿಕ್ಕಿದ್ದು ನೂರಕ್ಕೆ ಐದರ ರಾಜಧನ. ಶಿವನಸಮುದ್ರದ ಕರೆಂಟು ಕೂಡ 1902ರಲ್ಲಿ ಮೊದಲು ಗಣಿಗೆ ಹೋಯಿತು, ಬೆಂಗಳೂರಿನ ಬೀದಿ 1905ರವರೆಗೆ ಕಾಯಿತು. ನಮ್ಮ ಕಾವೇರಿ, ನಮ್ಮ ಕಂಬ, ಅವರ ಚಿನ್ನ!

ಆದರೆ ನನ್ನ ಸಿಟ್ಟು ಲಂಡನ್ನಿನ ಮೇಲಲ್ಲ. ಅವರು ಬಂದದ್ದೇ ದೋಚೋಕೆ, ದೋಚಿದರು. ಸಿಟ್ಟು ನಮ್ಮ ಮೇಲೆ. ಕಾರ್ನ್‌ವಾಲ್‌ನಲ್ಲಿ ಸತ್ತ ಗಣಿಗಳ ಹಲವು ಎಂಜಿನ್ ಮನೆಗಳನ್ನು (ನೀರೆತ್ತುವ ಯಂತ್ರ ಇದ್ದ ಕಟ್ಟಡ) ಉಳಿಸಿಕೊಂಡಿದ್ದಾರೆ. 2006ರಿಂದ ಅಲ್ಲಿನ ಗಣಿ ಪ್ರದೇಶ ವಿಶ್ವ ಪರಂಪರೆಯ ತಾಣ. ಗೀವರ್ ಗಣಿ 1990ರಲ್ಲಿ ನಿಂತಿತು, ಮೂರೇ ವರ್ಷದಲ್ಲಿ ಜನ ನೋಡೋಕೆ ಬಂದರು. ನಮ್ಮದು ನಿಂತದ್ದು 2001ರ ಫೆಬ್ರವರಿ 28ರಂದು. ಅಂದಿನಿಂದ ತುಕ್ಕು, ಕಳ್ಳತನ, ಕೋರ್ಟು. ಬೇಸಿಗೆಯ ಗಾಳಿಗೆ ಸೈನೈಡ್ ಗುಡ್ಡದ (ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿ) ಧೂಳು ಅಡುಗೆಮನೆಗೇ ಬರುತ್ತದೆ. ಚುನಾವಣೆ ಬಂದಾಗ ‘ಗಣಿ ಮತ್ತೆ ತೆರೆಯುತ್ತೇವೆ’ ಅಂತಾರೆ, ಆಮೇಲೆ ಊರಿನವರು ಕೆಲಸಕ್ಕೆ ಬೆಳಗಿನ ಬೆಂಗಳೂರು ರೈಲು ಹತ್ತುತ್ತಾರೆ. ನಾಚಿಕೆಯಾಗಲ್ವಾ?

ಇಷ್ಟು ಬೈದ ಮೇಲೆ ಒಂದೆರಡು ಮಾತು ಒಪ್ಪಲೇಬೇಕು. ಮೂರು ಕಿಲೋಮೀಟರ್ ಆಳದ, ನೀರು ತುಂಬಿದ ಸುರಂಗಕ್ಕೆ ಟಿಕೆಟ್ ಕೊಟ್ಟು ಮಕ್ಕಳನ್ನು ಇಳಿಸೋಕಾಗಲ್ಲ. ಆ ಧೂಳಿನ ಗುಡ್ಡವನ್ನು ಇಲ್ಲಿ ಬಿಟ್ಟುಹೋದ ಕಂಪನಿಯವರು ಅದನ್ನು ಸರಿಮಾಡೋಕೆ ಕಾಸು ಬಿಟ್ಟುಹೋಗಲಿಲ್ಲ, ನಿಜ. ಆದರೆ 1956ರಿಂದ ಗಣಿ ನಮ್ಮ ಸರ್ಕಾರದ್ದೇ, ಆಗಲೂ ಗುಡ್ಡ ಬೆಳೆಯಿತು. ಇನ್ನು ನಾನು ನೋಡಿದ ಆ ಮ್ಯೂಸಿಯಂನಲ್ಲಿ ಕೋಲಾರದ ಹಳೇ ಫೋಟೋ ಒಂದಿತ್ತು. ಟೋಪಿ ಹಾಕಿದ ದೊರೆಗಳ ಹೆಸರು ಕೆಳಗೆ ಸಾಲಾಗಿ ಇತ್ತು. ಹಿಂದೆ ನಿಂತ ಕೂಲಿಗಳಿಗೆ ಹೆಸರಿರಲಿಲ್ಲ. ಅವರ ಮೊಮ್ಮಕ್ಕಳು ಇವತ್ತೂ ಕೆಜಿಎಫ್‌ನ ಚಾಂಪಿಯನ್ ರೀಫ್‌ನ ಲೈನ್ ಮನೆಗಳಲ್ಲಿ ಇದ್ದಾರೆ, ಕೇಳಿದರೆ ಹೇಳ್ತಾರೆ. ಕೇಳೋಕೆ ಹೋಗಬೇಕಾದವರು ಕಾರ್ನ್‌ವಾಲ್‌ನವರಲ್ಲ.